ಹಿಮದೂರಿನ ಬಿಸಿನೀರ ಮನೆ: ನೊಜಾವಾ ಒನ್ಸೆನ್‌ನಲ್ಲಿ ತಂಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಯೊಕೊಹಾಮಾದಲ್ಲಿ ನೆಲೆಸಿದ ಮೇಲೆ ಚಳಿಗಾಲ ಬಂತೆಂದರೆ ಊರಿನಿಂದ ಯಾರಾದರೂ ನೆಂಟರು ಬಂದೇ ಬರುತ್ತಾರೆ. ಬಂದವರನ್ನು ನಗಾನೊ ಪ್ರಾಂತದ ನೊಜಾವಾ ಒನ್ಸೆನ್ ಎಂಬ ಹಳ್ಳಿಗೆ ಸ್ಕೀ ಆಡಲು ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಉಳಿಯುವುದು ರ‍್ಯೋಕಾನ್‌ನಲ್ಲಿ, ಅಂದರೆ ಚಾಪೆ ಹಾಸಿದ ಕೋಣೆ, ಬಿಸಿನೀರಿನ ಬುಗ್ಗೆಯ ಸ್ನಾನ, ಎರಡು ಹೊತ್ತಿನ ಊಟ ಇರುವ ಹಳೆಯ ಪದ್ಧತಿಯ ತಂಗುಮನೆಯಲ್ಲಿ. ಹೊರಡುವ ಮುನ್ನ ಎಲ್ಲರೂ ಫೋನಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಮೊದಲನೆಯದು ಬಟ್ಟೆಯ ಬಗ್ಗೆ, ಎರಡನೆಯದು ಊಟದ ಬಗ್ಗೆ. ಬೆಟ್ಟದ ಮೇಲಿಂದ ಬಿದ್ದರೆ ಏನು ಗತಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ಸ್ನಾನಕ್ಕೆ ಇಳಿಯುವಾಗ ಬಟ್ಟೆಯನ್ನು ನಿಜವಾಗಿಯೂ ಪೂರ್ತಿ ತೆಗೆಯಬೇಕೇ?

ಹೌದು, ಪೂರ್ತಿ. ಈಜುಡುಗೆ ನಡೆಯುವುದಿಲ್ಲ, ಒಳಉಡುಪು ನಡೆಯುವುದಿಲ್ಲ, ಸೊಂಟಕ್ಕೆ ಟವೆಲ್ ಸುತ್ತಿಕೊಂಡು ನೀರಿಗಿಳಿಯುವುದೂ ನಡೆಯುವುದಿಲ್ಲ. ಗಂಡಸರಿಗೂ ಹೆಂಗಸರಿಗೂ ಕೊಳ ಬೇರೆ ಬೇರೆ. ಕೈಯಗಲದ ಒಂದು ಸಣ್ಣ ಟವೆಲ್ ಕೊಡುತ್ತಾರೆ. ನಡೆದಾಡುವಾಗ ಅದನ್ನು ಮುಂದೆ ಹಿಡಿದುಕೊಳ್ಳಬಹುದು. ನೀರಿನೊಳಗೆ ಮಾತ್ರ ಅದ್ದಬಾರದು, ಮಡಿಸಿ ತಲೆಯ ಮೇಲಿಟ್ಟುಕೊಳ್ಳಬೇಕು.

ಸಂಕೋಚ ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದರೆ, ನನ್ನ ಅನುಭವದಲ್ಲಿ ಐದು ನಿಮಿಷ. ಆವಿ ದಟ್ಟವಾಗಿರುತ್ತದೆ, ಕನ್ನಡಕ ಇದ್ದವರಿಗೆ ಹೇಗೂ ಏನೂ ಕಾಣುವುದಿಲ್ಲ, ಯಾರೂ ಯಾರನ್ನೂ ನೋಡುವುದಿಲ್ಲ. ಮಲೆನಾಡಿನ ಬಚ್ಚಲುಮನೆಯಲ್ಲಿ ಹಂಡೆಯ ಮುಂದೆ ಸಾಲಾಗಿ ಕೂರಿಸಿ ಎಣ್ಣೆನೀರು ಹಾಕಿಸಿಕೊಂಡು ಬೆಳೆದವರಿಗೆ ಇದು ಅಷ್ಟೇನೂ ಹೊಸದಲ್ಲ. ಅಷ್ಟಾದರೂ ಒಗ್ಗದವರಿಗೆ ದಾರಿ ಇದೆ: ಅನೇಕ ರ‍್ಯೋಕಾನ್‌ಗಳಲ್ಲಿ ‘ಕಾಶಿಕಿರಿ’ ಎಂಬ ಖಾಸಗಿ ಸ್ನಾನದ ಕೋಣೆಯನ್ನು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ನಿಮ್ಮ ಕುಟುಂಬಕ್ಕೆಂದೇ ಕಾಯ್ದಿರಿಸಬಹುದು. ಕೆಲವು ಕಡೆ ಉಚಿತ, ಕೆಲವು ಕಡೆ ಹಣ.

ಮೊದಲು ಏನು ಮಾಡಬೇಕು, ಆಮೇಲೆ ಏನು?

ಮೊದಲು ಸ್ನಾನ, ಆಮೇಲೆ ಕೊಳ. ಇದೊಂದು ಗೊತ್ತಿದ್ದರೆ ಉಳಿದ ತಪ್ಪುಗಳನ್ನೆಲ್ಲ ಕ್ಷಮಿಸುತ್ತಾರೆ. ಗೋಡೆಯುದ್ದಕ್ಕೂ ಗಿಡ್ಡ ಮಣೆಗಳು, ಬೋಗುಣಿಗಳು, ಕೈಶವರ್‌ಗಳು ಇರುತ್ತವೆ. ಮಣೆಯ ಮೇಲೆ ಕುಳಿತು ಸೋಪು ಹಚ್ಚಿ, ಮೈ ಉಜ್ಜಿ, ನೊರೆ ಒಂದು ಹನಿಯೂ ಉಳಿಯದಂತೆ ತೊಳೆದುಕೊಳ್ಳಬೇಕು. ನಿಂತುಕೊಂಡು ಶವರ್ ಹಾಕಿಕೊಂಡರೆ ಪಕ್ಕದವರಿಗೆ ಸಿಡಿಯುತ್ತದೆ. ಉದ್ದ ಕೂದಲಿದ್ದರೆ ಮೇಲೆತ್ತಿ ಕಟ್ಟಿ. ಕೂದಲು ನೀರಿಗೆ ಬೀಳಬಾರದು. ಆಮೇಲೆ ಬೋಗುಣಿಯಿಂದ ಕೊಳದ ನೀರನ್ನೇ ಕಾಲು, ತೊಡೆ, ಭುಜದ ಮೇಲೆ ಸುರಿದುಕೊಂಡು ಮೈಯನ್ನು ಬಿಸಿಗೆ ಒಗ್ಗಿಸಿ, ಮೆಲ್ಲಗೆ ಇಳಿಯಬೇಕು. ಕೊಳ ಇರುವುದು ತೊಳೆದುಕೊಳ್ಳಲಿಕ್ಕಲ್ಲ, ಸುಮ್ಮನೆ ಕೂರಲಿಕ್ಕೆ.

ಅಷ್ಟು ಜನ ಇಳಿಯುವ ನೀರು ಸ್ವಚ್ಛವಾಗಿರುತ್ತದೆಯೇ?

ನಮ್ಮ ಅತ್ತೆಯವರು ಬಂದಾಗ ಬಟ್ಟೆಯ ವಿಷಯ ಎತ್ತಲೇ ಇಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ನೀರು ನಿಂತದ್ದೋ, ಹರಿಯುವುದೋ?’ ಜಪಾನಿನವರೂ ಇದನ್ನೇ ಕೇಳುತ್ತಾರೆ, ಅದಕ್ಕೊಂದು ಪದವನ್ನೇ ಇಟ್ಟುಕೊಂಡಿದ್ದಾರೆ. ಬುಗ್ಗೆಯ ನೀರು ಒಂದು ಕಡೆಯಿಂದ ಬೀಳುತ್ತಲೇ ಇದ್ದು, ಇನ್ನೊಂದು ಕಡೆ ಅಂಚಿನಿಂದ ತುಳುಕಿ ಹೊರಹೋಗುತ್ತಲೇ ಇದ್ದರೆ ಅದು ‘ಕಾಕೆನಾಗಾಶಿ’. ಅದೇ ನೀರನ್ನು ಸೋಸಿ ಮತ್ತೆ ಮತ್ತೆ ತಿರುಗಿಸಿದರೆ ಅದು ಬೇರೆ ದರ್ಜೆ. ನೊಜಾವಾದಲ್ಲಿ ಬುಗ್ಗೆಗೆ ಬರವಿಲ್ಲದ ಕಾರಣ ಹರಿಯುವ ನೀರೇ ಹೆಚ್ಚು. ಅತ್ತೆಯವರು ಅಂಚಿನಲ್ಲಿ ತುಳುಕುವ ನೀರನ್ನು ಸ್ವಲ್ಪ ಹೊತ್ತು ನಿಂತು ನೋಡಿ, ‘ಸರಿ’ ಎಂದು ಇಳಿದವರು ಊಟದ ಗಂಟೆಯಾಗುವವರೆಗೆ ಮೇಲೇಳಲಿಲ್ಲ.

ಅಂದಹಾಗೆ, ಬಿಸಿನೀರಿದ್ದರೆಲ್ಲ ಒನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆ, ಆಗುವುದಿಲ್ಲ. 1948ರ ಒನ್ಸೆನ್ ಕಾನೂನಿನ ಪ್ರಕಾರ ನೆಲದಿಂದ ಬರುವ ನೀರು 25 ಡಿಗ್ರಿ ಅಥವಾ ಅದಕ್ಕಿಂತ ಬಿಸಿ ಇರಬೇಕು, ಇಲ್ಲವೇ ಪಟ್ಟಿಯಲ್ಲಿರುವ 19 ವಸ್ತುಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. ನೀರಿನ ಪರೀಕ್ಷೆಯ ವಿವರವನ್ನು ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ತೂಗುಹಾಕಿರುತ್ತಾರೆ. ಈ ಲೆಕ್ಕದಲ್ಲಿ ನಮ್ಮ ಪುತ್ತೂರಿನ ಬಳಿಯ ಬೆಂದ್ರುತೀರ್ಥವೂ ಒನ್ಸೆನ್ ಆಗುತ್ತಿತ್ತು.

ಸ್ಕೀ ಆಡಲು ಇಷ್ಟೊಂದು ಜಾಗಗಳಿರುವಾಗ ನೊಜಾವಾವೇ ಏಕೆ?

ಹಿಮ ಎಲ್ಲ ಕಡೆಯೂ ಇದೆ, ಊರು ಎಲ್ಲ ಕಡೆ ಇಲ್ಲ. ಅನೇಕ ಸ್ಕೀ ತಾಣಗಳು ಹೋಟೆಲುಗಳ ಗುಂಪುಗಳಷ್ಟೇ. ಚಳಿಗಾಲ ಮುಗಿದರೆ ಬಾಗಿಲು. ನೊಜಾವಾ ಸ್ಕೀಗಿಂತ ಎಷ್ಟೋ ಶತಮಾನ ಹಳೆಯ ಸ್ನಾನದ ಊರು. ಎಂಟನೆಯ ಶತಮಾನದಲ್ಲಿ ಗ್ಯೋಕಿ ಎಂಬ ಬೌದ್ಧ ಭಿಕ್ಷು ಬುಗ್ಗೆಯನ್ನು ಕಂಡುಹಿಡಿದ ಎಂದು ಒಂದು ಐತಿಹ್ಯ, ಗಾಯಗೊಂಡ ಕರಡಿಯ ಜಾಡು ಹಿಡಿದು ಹೋದ ಬೇಟೆಗಾರನಿಗೆ ಸಿಕ್ಕಿತು ಎಂದು ಇನ್ನೊಂದು. ಸ್ಕೀ ಬಂದದ್ದು 1920ರ ದಶಕದಲ್ಲಿ. 1998ರ ನಗಾನೊ ಒಲಿಂಪಿಕ್ಸ್‌ನ ಬಯಾಥ್ಲಾನ್ (ಸ್ಕೀ ಓಟದ ನಡುವೆ ಗುರಿಗೆ ಗುಂಡು ಹಾರಿಸುವ ಸ್ಪರ್ಧೆ) ನಡೆದದ್ದು ಇಲ್ಲಿ. ಸ್ಕೀ ಬಯಲು ಕೆನಾಶಿ ಬೆಟ್ಟದ 1,650 ಮೀಟರ್ ಎತ್ತರದವರೆಗೂ ಇದೆ. ಮೇಲಿನಿಂದ ಕೆಳಗಿನವರೆಗೆ ಹತ್ತು ಕಿಲೋಮೀಟರ್ ಇಳಿಯುವ ದಾರಿ ಇದೆ. ನನಗೆ ಅದರಲ್ಲಿ ಅರ್ಧವೂ ಸಾಕು.

ತಲುಪುವುದು ಹೇಗೆ? ಸ್ಕೀ ಸಾಮಾನನ್ನು ಹೊತ್ತುಕೊಂಡು ರೈಲು ಹತ್ತಬೇಕೇ?

ಬೆಂಗಳೂರಿನಿಂದ ಬರುವವರು ನರಿಟಾ ವಿಮಾನ ನಿಲ್ದಾಣದಲ್ಲಿ ಇಳಿದು ಟೋಕಿಯೊಗೆ ಬನ್ನಿ. ಅಲ್ಲಿಂದ ಬುಲೆಟ್ ರೈಲಾದ ಹೊಕುರಿಕು ಶಿಂಕಾನ್ಸೆನ್‌ನಲ್ಲಿ ಈಯಾಮಾ ನಿಲ್ದಾಣಕ್ಕೆ ಎರಡು ಗಂಟೆಯೊಳಗೆ ತಲುಪುತ್ತೀರಿ. ‘ಹಕುತಾಕಾ’ ಎಂಬ ರೈಲನ್ನೇ ಹಿಡಿಯಿರಿ. ‘ಕಾಗಾಯಾಕಿ’ ಈಯಾಮಾದಲ್ಲಿ ನಿಲ್ಲುವುದಿಲ್ಲ. ನಿಲ್ದಾಣದ ಹೊರಗಿನಿಂದ ಹೊರಡುವ ಬಸ್ ಸುಮಾರು 25 ನಿಮಿಷದಲ್ಲಿ ಹಳ್ಳಿಗೆ ಬಿಡುತ್ತದೆ.

ದೊಡ್ಡ ಪೆಟ್ಟಿಗೆಯನ್ನು ಹೊರಬೇಡಿ. ವಿಮಾನ ನಿಲ್ದಾಣದಲ್ಲೇ ‘ತಕ್ಕ್ಯುಬಿನ್’ ಎಂಬ ಸಾಮಾನು ಸಾಗಣೆಯ ಕೌಂಟರ್‌ಗಳಿವೆ. ರ‍್ಯೋಕಾನ್‌ನ ವಿಳಾಸ, ನೀವು ಉಳಿಯುವ ದಿನಾಂಕ ಬರೆದುಕೊಟ್ಟರೆ ಪೆಟ್ಟಿಗೆ ನಿಮಗಿಂತ ಮೊದಲೇ ಅಲ್ಲಿ ಬಂದು ಕೂತಿರುತ್ತದೆ. ಹಿಮದ ಕಾಲದಲ್ಲಿ ಎರಡು ದಿನದ ಅಂತರ ಇಟ್ಟುಕೊಳ್ಳುವುದು ಜಾಣತನ. ಆ ಎರಡು ದಿನದ ಬಟ್ಟೆ, ಔಷಧಿ, ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ. ಸ್ಕೀ, ಬೂಟು, ಕೋಲು, ದಪ್ಪ ಅಂಗಿ ಎಲ್ಲವೂ ಹಳ್ಳಿಯಲ್ಲೇ ಬಾಡಿಗೆಗೆ ಸಿಗುತ್ತವೆ. ಕೈಗವಸು, ಕಾಲುಚೀಲ ಮಾತ್ರ ನಿಮ್ಮದೇ ಇರಲಿ.

ಹೋಟೆಲಿಗೂ ರ‍್ಯೋಕಾನ್‌ಗೂ ಏನು ವ್ಯತ್ಯಾಸ? ರಾತ್ರಿ ಹತ್ತಕ್ಕೆ ಬಂದರೆ ನಡೆಯುತ್ತದೆಯೇ?

ಈ ಎರಡು ಪ್ರಶ್ನೆಗೂ ಉತ್ತರ ಒಂದೇ. ಹೋಟೆಲಿನಲ್ಲಿ ನೀವು ಕೋಣೆ ಬಾಡಿಗೆಗೆ ತೆಗೆದುಕೊಳ್ಳುತ್ತೀರಿ. ರ‍್ಯೋಕಾನ್‌ನಲ್ಲಿ ಒಂದು ಮನೆಗೆ ಬರುತ್ತೀರಿ, ಆ ಮನೆಗೆ ತನ್ನದೇ ಗಡಿಯಾರವಿದೆ. ಮಧ್ಯಾಹ್ನ ಮೂರರಿಂದ ಒಳಗೆ ಬರಬಹುದು. ಸಂಜೆ ಆರು, ಆರೂವರೆಗೆ ಊಟ. ನೀವು ಉಣ್ಣುತ್ತಿರುವಾಗ ಅನೇಕ ಮನೆಗಳಲ್ಲಿ ಯಾರೋ ಕೋಣೆಗೆ ಬಂದು ಮೇಜನ್ನು ಬದಿಗೆ ಸರಿಸಿ ಹಾಸಿಗೆ ಹಾಸಿರುತ್ತಾರೆ. ಬೆಳಿಗ್ಗೆ ಏಳೂವರೆ, ಎಂಟಕ್ಕೆ ತಿಂಡಿ. ಹತ್ತಕ್ಕೆ ಕೋಣೆ ಬಿಡಬೇಕು. ಹತ್ತು ಗಂಟೆ ರಾತ್ರಿಗೆ ಬಂದರೆ ಬಾಗಿಲೇನೋ ತೆಗೆಯಬಹುದು, ಊಟ ಇರುವುದಿಲ್ಲ. ನಿಮಗಾಗಿ ಬೇಯಿಸಿದ್ದು ವ್ಯರ್ಥವಾಗಿರುತ್ತದೆ, ಹಣವನ್ನೂ ಕೊಡಬೇಕಾಗುತ್ತದೆ. ತಡವಾಗುವುದು ಖಚಿತವಾದ ಕೂಡಲೇ ಫೋನ್ ಮಾಡಿ.

ಸ್ಕೀ ಆಡುವವರಿಗೆ ಈ ಗಡಿಯಾರ ಹೇಳಿ ಮಾಡಿಸಿದಂತಿದೆ ಎಂಬುದು ಮೂರನೇ ಚಳಿಗಾಲದಲ್ಲಿ ನನಗೆ ಹೊಳೆಯಿತು. ನಾಲ್ಕು ಗಂಟೆಗೆ ಬೆಳಕು ಇಳಿಯುತ್ತದೆ, ತೊಡೆಗಳು ನಡುಗುತ್ತಿರುತ್ತವೆ. ನಾಲ್ಕೂವರೆಗೆ ನೀರಿನಲ್ಲಿರುತ್ತೀರಿ, ಆರಕ್ಕೆ ತಟ್ಟೆಯ ಮುಂದೆ, ಒಂಬತ್ತಕ್ಕೆ ನಿದ್ದೆ. ಗಡಿಯಾರದೊಡನೆ ಜಗಳವಾಡುವವರು ಹೋಟೆಲಿಗೇ ಹೋಗುವುದು ಒಳ್ಳೆಯದು.

ಚಪ್ಪಲಿಯ ನಿಯಮ ಅಷ್ಟು ಕಷ್ಟವೇ?

ಹೊಸಿಲಲ್ಲಿ ಬೂಟು ಬಿಡಿ. ಮೊಗಸಾಲೆಗೆ ಮನೆಯ ಚಪ್ಪಲಿ. ತತಾಮಿ ಚಾಪೆಯ ಮೇಲೆ ಯಾವ ಚಪ್ಪಲಿಯೂ ಇಲ್ಲ. ಶೌಚಾಲಯದಲ್ಲಿ ಅದಕ್ಕೆಂದೇ ಬೇರೆ ಚಪ್ಪಲಿ. ಕಷ್ಟವಿರುವುದು ಈ ಕೊನೆಯದರಲ್ಲಿ. ಒಮ್ಮೆ ನಾನು ಶೌಚಾಲಯದ ಚಪ್ಪಲಿಯಲ್ಲೇ ಊಟದ ಕೋಣೆಯ ಬಾಗಿಲವರೆಗೆ ನಡೆದುಬಿಟ್ಟೆ. ಮನೆಯೊಡತಿ ಒಂದು ಮಾತೂ ಆಡಲಿಲ್ಲ. ಮಂಡಿಯೂರಿ ನನ್ನ ಕಾಲ ಮುಂದೆ ಬೇರೆ ಜೋಡಿ ಇಟ್ಟು, ಹಳೆಯದನ್ನು ಸೆರಗಿನಡಿ ಮುಚ್ಚಿಟ್ಟುಕೊಳ್ಳುವಂತೆ ತೋಳಿನಡಿ ಮರೆಮಾಡಿಕೊಂಡು ಹೋದರು. ಬೈದಿದ್ದರೆ ವಾಸಿಯಿತ್ತು.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು?

ಸುತ್ತಿಬಳಸದೆ ಹೇಳುತ್ತೇನೆ: ಇದೇ ಎಲ್ಲಕ್ಕಿಂತ ತೊಡಕಿನ ವಿಷಯ. ರ‍್ಯೋಕಾನ್‌ನ ರಾತ್ರಿಯೂಟ ‘ಕೈಸೆಕಿ’ ಶೈಲಿಯದು; ಸಣ್ಣ ಸಣ್ಣ ಬಟ್ಟಲುಗಳಲ್ಲಿ ಹತ್ತಾರು ಪದಾರ್ಥ. ತಟ್ಟೆಯಲ್ಲಿ ಕಾಣುವ ಮೀನು, ಮಾಂಸವನ್ನು ಬದಿಗಿಡಬಹುದು. ಕಾಣದೇ ಇರುವುದು ‘ದಾಶಿ’. ಒಣಗಿಸಿದ ಕತ್ಸುಒ ಮೀನಿನ ಹೆರೆತದಿಂದ ತೆಗೆದ ಈ ಸಾರು ಹುದುಗಿಸಿದ ಸೋಯಾ ಕಾಳಿನ ಮಿಸೊ ಸಾರಿನಲ್ಲಿದೆ, ಬೇಯಿಸಿದ ಕುಂಬಳಕಾಯಿಯಲ್ಲಿದೆ, ಸೋಬಾ ಧಾನ್ಯದ ಶಾವಿಗೆಯನ್ನು ಅದ್ದಿಕೊಳ್ಳುವ ರಸದಲ್ಲಿದೆ, ಹಬೆಯಲ್ಲಿ ಬೇಯಿಸಿದ ಮೊಟ್ಟೆಯಲ್ಲಿದೆ. ‘ಸಸ್ಯಾಹಾರಿ’ ಎಂದರೆ ಅಡುಗೆಯವರ ಲೆಕ್ಕದಲ್ಲಿ ದಾಶಿ ಸೇರಿಯೇ ಇರಬಹುದು. ಅವರು ಮೋಸ ಮಾಡುತ್ತಿಲ್ಲ, ಅದು ಅವರಿಗೆ ನೀರಿನಷ್ಟೇ ಸಹಜ.

ಆದ್ದರಿಂದ ಕಾಯ್ದಿರಿಸುವಾಗಲೇ, ಬರವಣಿಗೆಯಲ್ಲಿ, ಜಪಾನಿ ಭಾಷೆಯಲ್ಲಿ ತಿಳಿಸಿ: ಮಾಂಸ ಬೇಡ, ಮೀನು ಬೇಡ, ಕತ್ಸುಒ ದಾಶಿ ಬೇಡ, ಕೊಂಬು ಎಂಬ ಕಡಲಕಳೆಯ ದಾಶಿ ಆಗಬಹುದು. ಮೊಟ್ಟೆ, ಹಾಲು ನಡೆಯುತ್ತವೆಯೇ ಎಂಬುದನ್ನೂ ಬರೆಯಿರಿ. ಬೌದ್ಧ ಮಠಗಳ ‘ಶೋಜಿನ್’ ಅಡುಗೆಯಲ್ಲಿ ಮೀನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಆ ಹೆಸರು ಹೇಳಿದರೆ ಅಡುಗೆಯವರಿಗೆ ಬೇಗ ಅರ್ಥವಾಗುತ್ತದೆ. ಕೆಲವರು ಒಪ್ಪುತ್ತಾರೆ, ಕೆಲವರು ಆಗುವುದಿಲ್ಲ ಎಂದು ನಯವಾಗಿ ಹೇಳುತ್ತಾರೆ. ಆಗುವುದಿಲ್ಲ ಎಂದವರ ಮೇಲೆ ಒತ್ತಡ ಹಾಕಬೇಡಿ. ಊಟವಿಲ್ಲದೆ ಬರೀ ಕೋಣೆ ಕೊಡುವ ‘ಸುದೊಮಾರಿ’ ದರವನ್ನು ಕೇಳಿ, ಇಲ್ಲವೇ ಬೇರೆ ಮನೆ ನೋಡಿ.

ಈಯಾಮಾ ಸುತ್ತಲಿನ ಅಕ್ಕಿ ಬಹಳ ರುಚಿ. ಬೆಳಿಗ್ಗೆ ಮರದ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ಹಬೆಗೆ ನಾನು ಕೈಚೀಲದಿಂದ ಸಣ್ಣ ಡಬ್ಬಿ ಹೊರತೆಗೆಯುತ್ತೇನೆ: ಚಟ್ನಿಪುಡಿ. ಒಂದು ಚಮಚ ಎಣ್ಣೆ ಕೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ. ಬೀದಿಯಲ್ಲಿ ‘ಒಯಾಕಿ’ ಸಿಗುತ್ತದೆ. ಹೂರಣ ತುಂಬಿದ ಕಡುಬಿನ ದೂರದ ಸಂಬಂಧಿ. ಸಿಹಿ ಅವರೆಯಂಥ ಅಜುಕಿ ಕಾಳಿನದ್ದು, ಕುಂಬಳದ್ದು ಇರುತ್ತವೆ.

ಹಳ್ಳಿಯ ಸಾರ್ವಜನಿಕ ಸ್ನಾನಮನೆಗಳಿಗೆ ಹೊರಗಿನವರು ಹೋಗಬಹುದೇ?

ಹೋಗಬಹುದು, ಹೋಗಲೇಬೇಕು. ‘ಸೊತೊಯು’ ಎಂಬ ಇಂಥ ಮನೆಗಳು ಹಳ್ಳಿಯಲ್ಲಿ 13 ಇವೆ. ಟಿಕೆಟ್ ಇಲ್ಲ, ಕಾವಲುಗಾರ ಇಲ್ಲ. ಬಾಗಿಲಲ್ಲಿ ಒಂದು ಕಾಣಿಕೆ ಪೆಟ್ಟಿಗೆ. ‘ಯುನಾಕಾಮಾ’ ಎಂಬ ನೆರೆಹೊರೆಯವರ ಕೂಟಗಳು ಸರದಿಯಲ್ಲಿ ತೊಳೆಯುತ್ತವೆ, ವಿದ್ಯುತ್ ಬಿಲ್ಲನ್ನೂ ಅವರೇ ಕಟ್ಟುತ್ತಾರೆ. ಆದ್ದರಿಂದ ಪೆಟ್ಟಿಗೆಗೆ ನಾಣ್ಯ ಹಾಕದೆ ಒಳಗೆ ಕಾಲಿಡಬೇಡಿ. ಸೋಪು, ಟವೆಲ್ ನೀವೇ ಒಯ್ಯಬೇಕು.

ಊರ ನಡುವಿನ ‘ಓಯು’ ಮರದ ಕಟ್ಟಡ, ಗುಡಿಯಂಥ ಛಾವಣಿ. ಒಳಗೆ ಎರಡು ತೊಟ್ಟಿ: ಒಂದು ಬಿಸಿ, ಇನ್ನೊಂದು ವಿಪರೀತ ಬಿಸಿ. ಮೊದಲ ಸಲ ನಾನು ಹೆಬ್ಬೆರಳು ಅದ್ದಿ ಹಿಂದೆಗೆದೆ. ಅತ್ತ ಒಬ್ಬ ಅಜ್ಜಿ ಗಂಟಲವರೆಗೆ ಮುಳುಗಿ ಕಣ್ಣು ಮುಚ್ಚಿ ಕುಳಿತಿದ್ದರು. ಕಣ್ಣು ತೆರೆದು ನನ್ನನ್ನು ನೋಡಿ, ಎದ್ದು ಬಂದು, ಬೋಗುಣಿಯಲ್ಲಿ ನೀರು ಮೊಗೆದು ನನ್ನ ಪಾದಕ್ಕೆ ಸುರಿದರು. ಆಮೇಲೆ ಮಂಡಿಗೆ, ಸೊಂಟಕ್ಕೆ, ಕೊನೆಗೆ ಎರಡೂ ಭುಜಕ್ಕೆ. ಹಬ್ಬದ ದಿನ ನಮ್ಮ ಅಜ್ಜಿ ನೀರು ಹಾಕಿದಂತೆಯೇ. ಆಮೇಲೆ ಇಳಿದೆ, ಉಸಿರು ಕಟ್ಟಿತು, ಅಲ್ಲಾಡದೆ ಕೂತರೆ ತಡೆಯಬಹುದು ಎಂದು ತಿಳಿಯಿತು. ತಣ್ಣೀರಿನ ನಲ್ಲಿ ಇದೆ. ಅದನ್ನು ತಿರುಗಿಸುವ ಮುನ್ನ ಒಳಗಿದ್ದವರನ್ನು ಕೇಳಿ.

ಸಮೀಪದ ‘ಓಗಾಮಾ’ ಬುಗ್ಗೆಯಲ್ಲಿ ನೀರು ಸುಮಾರು 90 ಡಿಗ್ರಿ. ಊರವರು ಅಲ್ಲಿ ಸೊಪ್ಪು, ಮೊಟ್ಟೆ ಬೇಯಿಸುತ್ತಾರೆ. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಬೇಲಿಯಾಚೆ ನಿಂತು ನೋಡಿ. ಆ ಸೊಪ್ಪು ‘ನೊಜಾವಾನಾ’, ಇದರ ಉಪ್ಪಿನಕಾಯಿ ಇಲ್ಲದ ತಟ್ಟೆ ಈ ಊರಿನಲ್ಲಿ ಇಲ್ಲ. ನವೆಂಬರ್ ಸುಮಾರಿಗೆ ಉಪ್ಪು ಹಾಕುವ ಮುನ್ನ ಊರ ಹೆಂಗಸರು ಸೊಪ್ಪಿನ ಕಟ್ಟುಗಳನ್ನು ಇದೇ ಸ್ನಾನದ ತೊಟ್ಟಿಗಳಲ್ಲಿ ತೊಳೆಯುತ್ತಾರೆ.

ಒಡವೆ ಹಾಕಿಕೊಂಡು ನೀರಿಗೆ ಇಳಿಯಬಹುದೇ?

ಬೆಳ್ಳಿ ಬೇಡವೇ ಬೇಡ. ಇಲ್ಲಿನ ನೀರಿನಲ್ಲಿ ಗಂಧಕವಿದೆ, ಬೇಯಿಸಿದ ಮೊಟ್ಟೆಯ ವಾಸನೆ ಅದರದ್ದೇ. ನನ್ನ ಕಾಲುಂಗುರ ಒಂದೇ ಸಂಜೆಯಲ್ಲಿ ಇದ್ದಿಲಿನ ಬಣ್ಣಕ್ಕೆ ತಿರುಗಿತು. ಅಲ್ಯೂಮಿನಿಯಂ ಹಾಳೆಯ ಮೇಲಿಟ್ಟು, ಅಡಿಗೆ ಸೋಡಾ ಉದುರಿಸಿ, ಕುದಿಯುವ ನೀರು ಹೊಯ್ದರೆ ಹೊಳಪು ಮರಳುತ್ತದೆ. ಬಂಗಾರಕ್ಕೆ ಅಷ್ಟು ಭಯವಿಲ್ಲ; ಆದರೂ ತಾಮ್ರ ಬೆರೆತ ಒಡವೆಯನ್ನು, ಸರವನ್ನು ಕೋಣೆಯ ತಿಜೋರಿಯಲ್ಲಿ ಬಿಡುವುದು ಕ್ಷೇಮ.

ಯುಕಾತಾ ಎಂಬ ಹತ್ತಿಯ ನಿಲುವಂಗಿಯನ್ನು ಉಡುವುದು ಹೇಗೆ?

ಎಡಮಗ್ಗುಲು ಮೇಲೆ ಬರಬೇಕು. ಬಲಮಗ್ಗುಲು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ಕ್ರಮ. ಇದನ್ನು ತಿದ್ದಲು ಗುರುತಿಲ್ಲದವರೂ ಮುಂದೆ ಬರುತ್ತಾರೆ. ಅದರ ಮೇಲೆ ಹತ್ತಿ ತುಂಬಿದ ಗಿಡ್ಡ ಅಂಗಿ ತೊಟ್ಟು ಊಟಕ್ಕೂ ಹೋಗಬಹುದು. ಬೀದಿಗೆ ಹೋಗುವುದಾದರೆ ಮರದ ಪಾದುಕೆಯ ಶೋಕಿ ಬೇಡ, ಹಿಮದ ಬೂಟೇ ಸರಿ. ಇಳಿಜಾರಿನ ಬೀದಿಗಳು ಸಂಜೆಗೆ ಗಾಜಿನಂತಾಗುತ್ತವೆ.

ನೆಲದ ಮೇಲೆ ಮಲಗಿ ಸೊಂಟ ಹಿಡಿಯುವುದಿಲ್ಲವೇ? ಚಳಿ?

ಫುತೊನ್ ಎಂಬ ನೆಲದ ಹಾಸಿಗೆ ತೆಳುವೆನಿಸಿದರೆ ಎರಡು ಹಾಸಿ ಎಂದು ಕೇಳಿ, ಹಾಸುತ್ತಾರೆ. ದಿಂಬಿನಲ್ಲಿ ಕೆಲವೊಮ್ಮೆ ಸೋಬಾ ಧಾನ್ಯದ ಹೊಟ್ಟು ತುಂಬಿರುತ್ತದೆ, ತಲೆ ತಿರುಗಿಸಿದಾಗ ಸರಸರ ಎನ್ನುತ್ತದೆ. ಕೋಣೆ ಬೆಚ್ಚಗಿರುತ್ತದೆ, ಮೊಗಸಾಲೆ ಬೆಚ್ಚಗಿರುವುದಿಲ್ಲ. ಗೋಡೆ ತೆಳು, ಪಕ್ಕದ ಕೋಣೆಯ ಗೊರಕೆ ಕೇಳುತ್ತದೆ, ನಿಮ್ಮದೂ ಅವರಿಗೆ ಕೇಳುತ್ತದೆ. ಮಂಡಿ ನೋವಿದ್ದವರು ಹಾಸಿಗೆ ಮಂಚವಿರುವ ಕೋಣೆಯನ್ನೇ ಕೇಳಿ ಪಡೆಯಲಿ, ಕುರ್ಚಿಯ ಊಟವನ್ನೂ.

ಒದ್ದೆಯಾದ ಬೂಟು, ಅಂಗಿ ಎಲ್ಲಿಡುವುದು?

ಒಣಗಿಸುವ ಕೋಣೆ ಬಾಗಿಲ ಬಳಿಯೇ ಇರುತ್ತದೆ. ತತಾಮಿಯ ಮೇಲೆ ಒದ್ದೆ ಬಟ್ಟೆ ಹರಡುವುದು ಮಾತ್ರ ಮಹಾಪರಾಧ.

ಹಚ್ಚೆ ಇದ್ದರೆ?

ಅನೇಕ ಕಡೆ ಬಿಡುವುದಿಲ್ಲ. ಜಪಾನಿನಲ್ಲಿ ಹಚ್ಚೆಗೆ ಪಾತಕಿಗಳ ಗುಂಪಿನ ನೆನಪು ಅಂಟಿಕೊಂಡಿದೆ. ನಮ್ಮ ಅಜ್ಜಿಯ ಕೈಮೇಲಿನ ಹಸಿರು ಹಚ್ಚೆಯ ಕಥೆ ಅವರಿಗೆ ಗೊತ್ತಿಲ್ಲ. ಸಣ್ಣದಾದರೆ ಮೈಬಣ್ಣದ ಪಟ್ಟಿ ಅಂಟಿಸಿ ಮುಚ್ಚಬಹುದು, ದೊಡ್ಡದಾದರೆ ಖಾಸಗಿ ಕೋಣೆ. ಮೊದಲೇ ಕೇಳಿ.

ರಕ್ತದೊತ್ತಡ, ಮುಟ್ಟು, ಮಕ್ಕಳು: ಯಾರು ಇಳಿಯಬಾರದು?

ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಹೊರಡುವ ಮುನ್ನ ವೈದ್ಯರನ್ನು ಕೇಳಲಿ. ಉಳಿದವರಿಗೂ ಒಂದು ಸಲಕ್ಕೆ ಹತ್ತು ನಿಮಿಷ ಸಾಕು. ಎದ್ದು ಕೂತು, ನೀರು ಕುಡಿದು, ಮತ್ತೆ ಇಳಿಯಿರಿ. ಕುಡಿದು ಇಳಿಯುವುದು, ಬೆಟ್ಟದಲ್ಲಿ ತಲೆಗೆ ಪೆಟ್ಟಾದ ದಿನ ಇಳಿಯುವುದು, ಎರಡೂ ಅಪಾಯ. ಮೊಣಕಾಲು ಊದಿಕೊಂಡಿದ್ದರೆ ಆ ದಿನ ಬಿಸಿನೀರಲ್ಲ, ಹಿಮವೇ ಔಷಧಿ, ಅದಕ್ಕೇನೂ ಕೊರತೆಯಿಲ್ಲ. ಮುಟ್ಟಿನ ದಿನಗಳಲ್ಲಿ ಸಾಮೂಹಿಕ ಕೊಳವನ್ನು ಬಿಡುವುದು ರೂಢಿ. ಡೈಪರ್ ಬಿಡದ ಕೂಸುಗಳನ್ನು ಸಾಮೂಹಿಕ ಕೊಳಕ್ಕೆ ಇಳಿಸುವುದಿಲ್ಲ.

ಖರ್ಚು ಎಷ್ಟು? ಟಿಪ್ಸ್ ಕೊಡಬೇಕೇ?

ದರ ಕೋಣೆಗಲ್ಲ, ತಲೆಗೆ. ಎರಡು ಊಟ ಸೇರಿರುತ್ತದೆ. ಇದನ್ನು ತಿಳಿಯದೆ ಅರ್ಧ ದರವೆಂದುಕೊಂಡು ಹಿಗ್ಗಿದವರನ್ನು ನೋಡಿದ್ದೇನೆ. ಒಂದು ರಾತ್ರಿಗೆ 15,000 ಯೆನ್‌ನಿಂದ ಮೇಲಕ್ಕೆ ಲೆಕ್ಕ ಹಾಕಿಕೊಳ್ಳಿ. ‘ಮಿನ್ಶುಕು’ ಎಂಬ ಮನೆವಾಸಗಳು ಅದಕ್ಕಿಂತ ಅಗ್ಗ. ಸ್ನಾನದ ತೆರಿಗೆ ಬೇರೆ, ಬಹುತೇಕ ಕಡೆ ತಲೆಗೆ ದಿನಕ್ಕೆ 150 ಯೆನ್. ಟಿಪ್ಸ್ ಬೇಡ. ಮೈಸೂರು ಪಾಕಿನ ಪುಟ್ಟ ಪೊಟ್ಟಣ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾರೆ.

ಯಾವ ತಿಂಗಳು ಒಳ್ಳೆಯದು?

ಜನವರಿ ಕೊನೆ, ಫೆಬ್ರುವರಿ. ಹಿಮ ಒಣಗಿದ ಹಿಟ್ಟಿನಂತಿರುತ್ತದೆ. ಮಾರ್ಚ್‌ನಲ್ಲಿ ಬಿಸಿಲಿದೆ, ಮಕ್ಕಳಿಗೆ ಅದೇ ಸುಖ. ಜನವರಿ 15ರಂದು ಡೋಸೊಜಿನ್ ಬೆಂಕಿ ಹಬ್ಬ: ಬೃಹತ್ ಮರದ ಅಟ್ಟಣಿಗೆಯನ್ನು ಕಟ್ಟಿ, 42 ವಯಸ್ಸಿನ ಗಂಡಸರು ಮೇಲೆ ಕೂತು, 25 ವಯಸ್ಸಿನವರು ಕೆಳಗೆ ಕಾವಲು ನಿಂತು, ಪಂಜು ಹಿಡಿದು ಬರುವ ಊರವರನ್ನು ತಡೆಯುತ್ತಾರೆ. ಜಪಾನಿನ ನಂಬಿಕೆಯಲ್ಲಿ ಅವೆರಡೂ ಕಂಟಕದ ವಯಸ್ಸುಗಳು. ಕೊನೆಗೆ ಎಲ್ಲವೂ ಉರಿದುಹೋಗುತ್ತದೆ. ಕಾಮದಹನಕ್ಕೆ ಸೌದೆ ಕದ್ದು ಬೆಳೆದವರಿಗೆ ಅಲ್ಲಿನ ಗದ್ದಲ ಅಪರಿಚಿತವೆನಿಸುವುದಿಲ್ಲ. ಆ ರಾತ್ರಿಗೆ ಕೋಣೆ ಬೇಕೆಂದರೆ ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಬೇಕು. ಹೋಗುವಾಗ ಹಳೆಯ ಕೋಟು ಹಾಕಿಕೊಳ್ಳಿ, ಕಿಡಿ ಹಾರುತ್ತದೆ.

ನನಗೆ ಸ್ಕೀ ಬರುವುದಿಲ್ಲ. ಸುಮ್ಮನೆ ಬಂದರೆ ಬೇಸರವಾಗುತ್ತದೆಯೇ?

ಅತ್ತೆಯವರು ನಾಲ್ಕು ದಿನ ಇದ್ದರು, ಸ್ಕೀ ಮುಟ್ಟಲಿಲ್ಲ. ಒಂದು ದಿನ ಬಸ್ಸಿನಲ್ಲಿ ಹೋಗಿ ಜಿಗೊಕುದಾನಿಯಲ್ಲಿ ಬಿಸಿನೀರಿನಲ್ಲಿ ಕೂತ ಕೋತಿಗಳನ್ನು ನೋಡಿ ಬಂದರು. ಉಳಿದ ಮೂರು ದಿನ ಟವೆಲ್ ಹೆಗಲಿಗೆ ಹಾಕಿಕೊಂಡು ಸೊತೊಯುಗಳ ಸುತ್ತು. ಹದಿಮೂರರಲ್ಲಿ ಒಂಬತ್ತು ಮುಗಿಸಿದ್ದಾರೆ. ನಾಲ್ಕು ಬಾಕಿ ಇದೆಯೆಂದು ಈ ವರ್ಷದ ವಿಮಾನದ ಟಿಕೆಟ್ ದರವನ್ನು ಆಗಲೇ ವಿಚಾರಿಸುತ್ತಿದ್ದಾರೆ.